ಐವತ್ತು ಮೀಟರ್ ಆಚೆಯ ತೂತು: ಸಸೆಕ್ಸ್ ಕಾಡಿನಲ್ಲಿ ಒಂದು ಏರ್‌ಗನ್ ಪಂದ್ಯ

ಶುಕ್ರವಾರ

ಲಂಡನ್ ಸುತ್ತುವ ಎಂ25 ಹೆದ್ದಾರಿಯ ವಾಹನಗಳ ಸಾಲಿನಿಂದ ಬಿಡಿಸಿಕೊಂಡು ದಕ್ಷಿಣಕ್ಕೆ ಹೋಗುವ ಎ22 ರಸ್ತೆ ಹಿಡಿದ ಮೇಲೆಯೇ ಪ್ರವಾಸ ಶುರುವಾಯಿತು ಎನ್ನಿಸಿದ್ದು. ಈಸ್ಟ್ ಗ್ರಿನ್‌ಸ್ಟೆಡ್ ದಾಟಿ ಆಶ್‌ಡೌನ್ ಫಾರೆಸ್ಟ್‌ನ ಏರಿಗೆ ಬಂದರೆ ಎರಡೂ ಬದಿಗೆ ತೆರೆದ ಬಯಲು, ಹಳದಿ ಹೂ ತುಂಬಿದ ಗಾರ್ಸ್ ಮುಳ್ಳುಪೊದೆ, ಅಲ್ಲಲ್ಲಿ ಪೈನ್ ಮರಗಳ ಗುಂಪು. ಪಕ್ಕದ ಸೀಟಿನಲ್ಲಿ ಅಪ್ಪ. ಮಡಿಕೇರಿಯ ಬಳಿಯ ನಮ್ಮೂರಿನಿಂದ, ಮುಂಗಾರು ಹಿಡಿಯುವ ಮೊದಲು ಮಗಳ ಸಂಸಾರ ನೋಡಿಕೊಂಡು ಹೋಗಲು ಬಂದಿದ್ದರು. ಅಮ್ಮ ಮೊಮ್ಮಗನನ್ನು ಬಿಟ್ಟು ಬರಲು ಒಪ್ಪದೆ ಮನೆಯಲ್ಲೇ ಉಳಿದು, ನಮಗೆ ಅಕ್ಕಿರೊಟ್ಟಿ ಮತ್ತು ಎಳ್ಳಿನ ಚಟ್ನಿ ಕಟ್ಟಿಕೊಟ್ಟಿದ್ದರು.

"ಇಷ್ಟು ದೂರ ಹೋಗಿ ಎಷ್ಟು ಗುಂಡು ಹೊಡೆಯುತ್ತೀಯೆ ಮಗಳೇ?" ಎಂದರು ಅಪ್ಪ.

"ನಲವತ್ತು, ಅಪ್ಪ."

"ನಲವತ್ತಕ್ಕೆ ನಾಲ್ಕು ದಿನವೇ?"

ಕೊಡಗಿನ ಆಯುಧಪೂಜೆಯಾದ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಯ ಬಾಯಿಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುವುದನ್ನು, ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ಚಿಕ್ಕಂದಿನಿಂದ ನೋಡಿದವರು ಅವರು. ಕಾಯಿ ಒಡೆಯಿತೋ ಇಲ್ಲವೋ ಎಂಬುದು ಇಡೀ ಊರಿಗೆ ಕಾಣುತ್ತದೆ. ಕಾಯಿ ಎಷ್ಟು ದೂರದಲ್ಲಿದೆ ಎಂಬುದನ್ನೂ ಯಾರೂ ಗುಟ್ಟು ಮಾಡುವುದಿಲ್ಲ. ಫೀಲ್ಡ್ ಟಾರ್ಗೆಟ್ ಎಂಬ ಈ ಪಂದ್ಯದಲ್ಲಿ ಗುಟ್ಟು ಇರುವುದೇ ದೂರದಲ್ಲಿ. ಕಾಡಿನ ನಡುವೆ ಇಲಿ, ಮೊಲ, ಕಾಗೆಗಳ ಆಕಾರದಲ್ಲಿ ಕತ್ತರಿಸಿದ ತಗಡುಗಳನ್ನು ನಿಲ್ಲಿಸಿರುತ್ತಾರೆ. ಪ್ರತಿ ತಗಡಿನಲ್ಲಿ ಒಂದು ದುಂಡನೆಯ ತೂತು. ಅತಿ ಚಿಕ್ಕದು 15 ಮಿಲಿಮೀಟರ್, ಅತಿ ದೊಡ್ಡದು 40 ಮಿಲಿಮೀಟರ್ ಅಗಲ. ಪೆಲೆಟ್, ಅಂದರೆ ಗಾಳಿಯ ಒತ್ತಡದಿಂದ ಹಾರುವ ಪುಟ್ಟ ಸೀಸದ ಗುಂಡು, ಆ ತೂತಿನೊಳಗೆ ನುಗ್ಗಿ ಹಿಂದಿನ ಪುಟ್ಟ ಫಲಕಕ್ಕೆ ಬಡಿದರೆ ಪ್ರಾಣಿ ಹಿಂದಕ್ಕೆ ಮಗುಚಿ ಬೀಳುತ್ತದೆ. ತೂತಿನ ಅಂಚನ್ನು ಸವರಿ ನಿಂತರೆ ಅಲುಗುವುದಿಲ್ಲ. ದೂರ ಸುಮಾರು 8 ಮೀಟರ್‌ನಿಂದ 50 ಮೀಟರ್‌ವರೆಗೆ ಎಷ್ಟಾದರೂ ಇರಬಹುದು. ಎಷ್ಟು ಎಂದು ಯಾರೂ ಹೇಳುವುದಿಲ್ಲ, ಲೇಸರ್ ಉಪಕರಣದಿಂದ ಅಳೆಯುವಂತೆಯೂ ಇಲ್ಲ.

ಊರಿನಲ್ಲಿ ನಾನು ಏರ್‌ಗನ್ ಹಿಡಿಯುತ್ತೇನೆ ಎಂದರೆ ಎಲ್ಲರೂ ಕೇಳುವುದು ಅಭಿನವ್ ಬಿಂದ್ರಾ ಬಗ್ಗೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅವರು ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಅದು ನಾಲ್ಕು ಗೋಡೆಗಳ ನಡುವೆ, ಗೊತ್ತಿರುವ ದೂರಕ್ಕೆ, ಗಾಳಿಯೇ ಇಲ್ಲದ ಕಡೆ ಮನುಷ್ಯನ ದೇಹ ಎಷ್ಟು ನಿಶ್ಚಲವಾಗಬಲ್ಲದು ಎಂದು ನೋಡುವ ಆಟ. ಫೀಲ್ಡ್ ಟಾರ್ಗೆಟ್ ನೋಡುವುದು ಬೇರೆಯದನ್ನು. ಇಲ್ಲಿ ಗುಂಡು ಹಾರಿಸುವ ಮೊದಲು ಓದಬೇಕು, ದೂರವನ್ನು ಮತ್ತು ಗಾಳಿಯನ್ನು. ಓದು ಸರಿಯಾಗಿದ್ದರೆ ಟ್ರಿಗರ್ ಒತ್ತುವುದು ಕೊನೆಯ ಸಣ್ಣ ಕೆಲಸ.

ನಾವು ಹೊರಟಿದ್ದು ಈ ಆಟ ಹುಟ್ಟಿದ ಸೀಮೆಗೇ. 1980ರಲ್ಲಿ ಈಸ್ಟ್ ಸಸೆಕ್ಸ್‌ನ ಮ್ಯಾಗಮ್ ಡೌನ್ ಎಂಬ ಹಳ್ಳಿಯಲ್ಲಿ ಮೊದಲ ಪಂದ್ಯ ನಡೆಯಿತು. ಪಕ್ಕದ ಹೇಲ್‌ಶಮ್ ಪಟ್ಟಣದಲ್ಲಿ ಏರ್ ಆರ್ಮ್ಸ್ ಕಂಪನಿಯ ಕಾರ್ಖಾನೆ ಇದೆ. ಡಿಕ್ಕಿಯಲ್ಲಿ ಪೆಟ್ಟಿಗೆಯೊಳಗೆ ಮಲಗಿದ್ದ ನನ್ನ ಇವಿ2 ರೈಫಲ್ ತಯಾರಾದದ್ದೂ ಅಲ್ಲಿಯೇ. ಕತ್ತಲಾಗುವ ಮುನ್ನ ಹೇಲ್‌ಶಮ್ ಮುಟ್ಟಿದೆವು. ಉಳಿದುಕೊಂಡ ಮನೆಯ ಯಜಮಾನಿ ರೊಟ್ಟಿ ಬಿಸಿ ಮಾಡಲು ಒಲೆ ಬಿಟ್ಟುಕೊಟ್ಟರು.

ಶನಿವಾರ

ಬೆಳಿಗ್ಗೆ ಅಭ್ಯಾಸಕ್ಕೆಂದು ಪಂದ್ಯದ ಕಾಡಿನ ಅಂಚಿಗೆ ಹೋದೆವು. ಜೇಡಿಮಣ್ಣಿನ ಇಳಿಜಾರು, ಹಿಂದೊಂದು ಕಾಲದಲ್ಲಿ ಕಂಬಗಳಿಗಾಗಿ ಬುಡದವರೆಗೆ ಕಡಿದು ಮತ್ತೆ ಚಿಗುರಿದ ಚೆಸ್ಟ್‌ನಟ್ ಮತ್ತು ಹಾರ್ನ್‌ಬೀಮ್ ಮರಗಳು, ನಡುನಡುವೆ ಓಕ್. ನೆಲದ ತುಂಬ ಬ್ಲೂಬೆಲ್ ಹೂವು. ಅಪ್ಪ ಬಗ್ಗಿ ಮಣ್ಣನ್ನು ಹಿಡಿಯಷ್ಟು ಎತ್ತಿ ಹಿಸುಕಿ ನೋಡಿ, "ಕಾಫಿಗೆ ಆಗುವುದಿಲ್ಲ, ನೀರು ನಿಲ್ಲುತ್ತದೆ" ಎಂದರು.

ಮೊದಲು ವೇಗದ ಪರೀಕ್ಷೆ. ಇಂಗ್ಲೆಂಡಿನ ಕಾನೂನಿನಂತೆ ಏರ್ ರೈಫಲ್‌ನ ಶಕ್ತಿ 12 ಫೂಟ್-ಪೌಂಡ್, ಅಂದರೆ ಸುಮಾರು 16.27 ಜೂಲ್ ಮೀರಿದರೆ ಅದು ಲೈಸೆನ್ಸ್ ಬೇಕಾದ ಆಯುಧವಾಗುತ್ತದೆ. ಅಂತರರಾಷ್ಟ್ರೀಯ ಫೀಲ್ಡ್ ಟಾರ್ಗೆಟ್ ನಿಯಮವೂ ಇದೇ ಮಿತಿಯನ್ನು ಇಟ್ಟುಕೊಂಡಿದೆ. ಗುಂಡಿನ ವೇಗ ಅಳೆಯುವ ಕ್ರೋನೊಗ್ರಾಫ್ ಮುಂದೆ ಹೊಡೆದೆ: 0.547 ಗ್ರಾಂ ತೂಕದ 4.5 ಮಿಲಿಮೀಟರ್ ಪೆಲೆಟ್, ಸೆಕೆಂಡಿಗೆ 239 ಮೀಟರ್ ವೇಗ, 15.6 ಜೂಲ್. ಈ ಮಿತಿಯೇ ಆಟವನ್ನು ರೂಪಿಸಿದ್ದು ಎಂದು ನಾನು ನಂಬುತ್ತೇನೆ. ಇಷ್ಟು ಹಗುರವಾದ, ಇಷ್ಟು ನಿಧಾನದ ಪೆಲೆಟ್ 50 ಮೀಟರ್ ದಾಟಲು ಹತ್ತಿರಹತ್ತಿರ ಕಾಲು ಸೆಕೆಂಡ್ ತೆಗೆದುಕೊಳ್ಳುತ್ತದೆ. ಆ ಕಾಲು ಸೆಕೆಂಡಿನಲ್ಲಿ ನೆಲವೂ ಗಾಳಿಯೂ ಅದನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತವೆ. ಶಕ್ತಿ ಹೆಚ್ಚಿಸಿದರೆ ಹೊಡೆಯುವುದು ಸುಲಭವಾಗುತ್ತದೆ, ಆಟ ತೆಳುವಾಗುತ್ತದೆ.

ನೆಲದ ಎಳೆತವನ್ನು ಲೆಕ್ಕ ಹಾಕಬಹುದು. ನನ್ನ ರೈಫಲ್ ಅನ್ನು 35 ಮೀಟರಿಗೆ ಗುರಿ ಕೂಡಿಸಿದರೆ 50 ಮೀಟರ್‌ನಲ್ಲಿ ಪೆಲೆಟ್ ಸುಮಾರು 8 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಸ್ಕೋಪಿನ, ಅಂದರೆ ರೈಫಲ್ ಮೇಲೆ ಕೂರಿಸಿದ ದೂರದರ್ಶಕದ, ಮೇಲಿನ ತಿರುಗಣೆಯನ್ನು ಅಷ್ಟಕ್ಕೆ ತಕ್ಕಂತೆ ಕ್ಲಿಕ್ ಕ್ಲಿಕ್ ಎಂದು ತಿರುಗಿಸಿದರೆ ಮುಗಿಯಿತು. ಆದರೆ ದೂರ ಗೊತ್ತಿರಬೇಕು. 45 ಮೀಟರ್‌ನಲ್ಲಿರುವ ಕಾಗೆಯನ್ನು 50 ಎಂದು ಎಣಿಸಿದರೆ ಪೆಲೆಟ್ ಎರಡು ಸೆಂಟಿಮೀಟರಿಗಿಂತ ಹೆಚ್ಚು ಮೇಲೆ ಹೋಗುತ್ತದೆ. ದೊಡ್ಡ ತೂತಿನ ನಡುವಿನಿಂದ ಅಂಚಿಗೆ ಇರುವುದೇ ಎರಡು ಸೆಂಟಿಮೀಟರ್.

ಅದಕ್ಕಾಗಿ ಸ್ಕೋಪಿನ ಪಕ್ಕದಲ್ಲಿ ಊಟದ ತಟ್ಟೆಯಷ್ಟು ದೊಡ್ಡ ಚಕ್ರವಿದೆ. 50 ಪಟ್ಟು ಹಿಗ್ಗಿಸಿ ನೋಡುವಾಗ ಯಾವುದೋ ಒಂದು ದೂರದ ವಸ್ತು ಮಾತ್ರ ಸ್ಫುಟವಾಗಿ ಕಾಣುತ್ತದೆ. ತಗಡಿಗೆ ಕಟ್ಟಿದ ಹಗ್ಗದ ಎಳೆ ಬಿಡಿಬಿಡಿಯಾಗಿ ಕಾಣುವ ತನಕ ಚಕ್ರ ತಿರುಗಿಸುವುದು, ಚಕ್ರದ ಸುತ್ತ ಅಂಟಿಸಿದ ಪಟ್ಟಿಯ ಮೇಲೆ ಆ ಜಾಗದಲ್ಲಿರುವ ಸಂಖ್ಯೆ ಓದುವುದು. ಪಟ್ಟಿಯನ್ನು ಬರೆಯುವವರು ನಾವೇ, ಅಳತೆಪಟ್ಟಿ ಹಾಸಿ, ಮೀಟರ್ ಮೀಟರಿಗೆ. ಬಿಸಿಲು ಏರಿದರೆ ಸ್ಕೋಪಿನೊಳಗಿನ ಗಾಜು, ಲೋಹ ಹಿಗ್ಗಿ ಓದು ಸರಿಯುತ್ತದೆ. ಆದ್ದರಿಂದ ತಂಪಿಗೊಂದು, ಬಿಸಿಲಿಗೊಂದು ಗುರುತು ಮಾಡಿಕೊಂಡಿದ್ದೇನೆ. ಅಪ್ಪ ಚಕ್ರ ತಿರುಗಿಸಿ ನೋಡಿ, ಹಗ್ಗದ ಎಳೆಯ ಮೇಲೆ ಕುಳಿತ ಇರುವೆಯನ್ನು ನನಗೆ ತೋರಿಸಿಕೊಟ್ಟರು.

ಮಧ್ಯಾಹ್ನ ಹತ್ತಿರದ ಹರ್ಸ್ಟ್‌ಮನ್ಸೂಗೆ ಹೋದೆವು. ಹದಿನೈದನೆಯ ಶತಮಾನದ ಕೆಂಪು ಇಟ್ಟಿಗೆಯ ಕೋಟೆ, ಸುತ್ತ ನೀರಿನ ಕಂದಕ, ಚೆಲುವಾಗಿದೆ. ನಾನು ಹೋದದ್ದು ಮಾತ್ರ ಅದರ ಬದಿಯ ಗುಮ್ಮಟಗಳಿಗಾಗಿ. ಎರಡನೆಯ ಮಹಾಯುದ್ಧದ ನಂತರ ಲಂಡನ್ನಿನ ಹೊಗೆ ಮತ್ತು ಬೆಳಕಿನಿಂದ ತಪ್ಪಿಸಿಕೊಳ್ಳಲು ಗ್ರೀನಿಚ್‌ನ ರಾಯಲ್ ವೀಕ್ಷಣಾಲಯವನ್ನು ಇಲ್ಲಿಗೆ ತಂದರು. 1990ರಲ್ಲಿ ಅದು ಕೇಂಬ್ರಿಜ್‌ಗೆ ಹೋಯಿತು, ಹಸಿರು ತಾಮ್ರದ ಗುಮ್ಮಟಗಳು ಉಳಿದವು. ಈಗ ವಿಜ್ಞಾನ ಕೇಂದ್ರ.

ಅಲ್ಲಿ ದೂರದರ್ಶಕದ ಕೆಳಗೆ ನಿಂತು ಅಪ್ಪನಿಗೆ ಪ್ಯಾರಲ್ಯಾಕ್ಸ್ ವಿವರಿಸಿದೆ. ಮೂಗಿನ ಮುಂದೆ ಬೆರಳು ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ ಬೆರಳು ಅತ್ತಿತ್ತ ಜಿಗಿಯುತ್ತದೆ. ಎಷ್ಟು ಜಿಗಿಯಿತು ಎಂಬುದರಿಂದ ಅದರ ದೂರ ತಿಳಿಯುತ್ತದೆ. 1838ರಲ್ಲಿ ಬೆಸೆಲ್ ಎಂಬ ಜರ್ಮನ್ ವಿಜ್ಞಾನಿ 61 ಸಿಗ್ನಿ ಎಂಬ ನಕ್ಷತ್ರದ ದೂರವನ್ನು ಹೀಗೆಯೇ ಕಂಡುಹಿಡಿದ. ಅವನ ಎರಡು ಕಣ್ಣುಗಳು ಭೂಮಿಯ ಕಕ್ಷೆಯ ಎರಡು ಬದಿಗಳು. ನನ್ನ ಸ್ಕೋಪಿನಲ್ಲಿ ಆ ಎರಡು ಕಣ್ಣುಗಳೆಂದರೆ ಮುಂದಿನ ಗಾಜಿನ ಎರಡು ಅಂಚುಗಳು, ನಡುವೆ 60 ಮಿಲಿಮೀಟರ್. ಆ ಅಂಚಿನಿಂದ ಬಂದ ಬೆಳಕೂ ಈ ಅಂಚಿನಿಂದ ಬಂದ ಬೆಳಕೂ ಒಂದೇ ಕಡೆ ಕೂಡಿದಾಗ ಹಗ್ಗದ ಎಳೆ ಸ್ಫುಟವಾಗುತ್ತದೆ. ಗಾಜು ಅಗಲವಾದಷ್ಟೂ ದೂರದ ಓದು ಖಚಿತ. ನಕ್ಷತ್ರಗಳನ್ನು ನೋಡುತ್ತಿದ್ದ ಈ ಗುಮ್ಮಟಗಳ ನೆರೆಹಳ್ಳಿಯಲ್ಲೇ, ಗಾಜಿನಿಂದ ದೂರ ಅಳೆದು ಗುರಿ ಹಿಡಿಯುವ ಆಟವೂ ಹುಟ್ಟಿತು. ಇದು ಕಾಕತಾಳೀಯವೇ ಇರಬಹುದು, ನನಗಂತೂ ಅದರಿಂದ ತುಂಬ ಸಂತೋಷವಾಯಿತು. ಅಪ್ಪ ಬಹಳ ಹೊತ್ತು ಬೆರಳು ಹಿಡಿದು ಕಣ್ಣು ಮುಚ್ಚಿ ತೆರೆದು ನೋಡುತ್ತಿದ್ದರು.

ಭಾನುವಾರ

ಎದ್ದ ಕೂಡಲೇ ಕಿಟಕಿ ತೆರೆದು ನೋಡಿದ್ದು ಮರದ ತುದಿಗಳನ್ನು. ನೈರುತ್ಯದ ಗಾಳಿ, ಇಂಗ್ಲಿಷ್ ಕಾಲುವೆಯಿಂದ ಎದ್ದು ಪೆವೆನ್ಸಿಯ ತಗ್ಗು ಹುಲ್ಲುಗಾವಲನ್ನು ಅಡೆತಡೆಯಿಲ್ಲದೆ ದಾಟಿ ಬರುವಂಥದ್ದು.

ಹೆಸರು ಬರೆಸಿ, ಅಭ್ಯಾಸದ ಸಾಲಿನಲ್ಲಿ ಗುರಿ ಸರಿಪಡಿಸಿಕೊಂಡ ಮೇಲೆ ಮುಖ್ಯ ಮಾರ್ಷಲ್ ಎಲ್ಲರನ್ನೂ ಸೇರಿಸಿ ನಿಯಮ ಹೇಳಿದರು. ಸೀಟಿ ಊದಿದರೆ ಗುಂಡು ನಿಲ್ಲಬೇಕು, ರೈಫಲ್ ಖಾಲಿಯಾಗಬೇಕು, ಮತ್ತೆ ಸೀಟಿ ಬರುವ ತನಕ ಯಾರೂ ತುಂಬಬಾರದು. ಇದರಲ್ಲಿ ಯಾವ ರಿಯಾಯಿತಿಯೂ ಇಲ್ಲ, ಇರಲೂ ಬಾರದು. ಪ್ರೇಕ್ಷಕರು ಹಗ್ಗದ ಹಿಂದೆ ಇರಬೇಕು. ಸ್ಪರ್ಧಿಗೆ ಯಾರೂ ಏನನ್ನೂ ಹೇಳಿಕೊಡುವಂತಿಲ್ಲ. ಅಪ್ಪನಿಗೆ ಇದನ್ನು ಹೇಳಿದಾಗ, "ನಾನು ಬಾಯಿಯೇ ಬಿಡುವುದಿಲ್ಲ" ಎಂದು ಕೈಕಟ್ಟಿ ನಿಂತರು.

ಇಪ್ಪತ್ತು ಲೇನ್, ಅಂದರೆ ಗುಂಡು ಹೊಡೆಯುವ ಜಾಗಗಳು, ಪ್ರತಿ ಲೇನ್‌ನಲ್ಲಿ ಎರಡು ತಗಡು. ಇಬ್ಬಿಬ್ಬರ ಜೋಡಿ, ಒಬ್ಬರು ಹೊಡೆಯುವಾಗ ಇನ್ನೊಬ್ಬರು ಕಾರ್ಡಿನಲ್ಲಿ ಗುರುತು ಹಾಕುತ್ತಾರೆ, ಬಿದ್ದರೆ ಕತ್ತರಿ ಗುರುತು, ಬೀಳದಿದ್ದರೆ ಸೊನ್ನೆ. ನನ್ನ ಜೊತೆ ಬಂದವರು ಕೆಂಟ್ ಕಡೆಯ ನಿವೃತ್ತ ರೈಲ್ವೆ ನೌಕರರು, ಎಪ್ಪತ್ತು ದಾಟಿದವರು. ಅವರ ಕೈಯಲ್ಲಿದ್ದದ್ದು ಟಿಎಕ್ಸ್200, ಸ್ಪ್ರಿಂಗ್ ರೈಫಲ್. ನನ್ನದರಲ್ಲಿ ಮೊದಲೇ ತುಂಬಿಸಿದ ಒತ್ತಡದ ಗಾಳಿ, ಹೊಡೆದಾಗ ಅಲುಗುವುದೇ ಇಲ್ಲ. ಸ್ಪ್ರಿಂಗ್ ರೈಫಲ್‌ನಲ್ಲಿ ಪೆಲೆಟ್ ನಳಿಕೆ ಬಿಡುವ ಮೊದಲೇ ಒಳಗಿನ ಪಿಸ್ಟನ್ ಮುಂದಕ್ಕೆ ನುಗ್ಗಿ ಇಡೀ ಕೋವಿಯನ್ನು ಕುಲುಕುತ್ತದೆ. ಅದನ್ನು ಪ್ರತಿ ಸಲ ಒಂದೇ ರೀತಿ ಹಿಡಿಯುವುದು ವರ್ಷಗಳ ಸಾಧನೆ. ಅವರು ಹಿಡಿಯುವುದನ್ನು ಹತ್ತಿರದಿಂದ ನೋಡುವುದಕ್ಕಾಗಿಯೇ ಇಷ್ಟು ದೂರ ಬರಬಹುದಿತ್ತು. ಬಿಗಿಯೂ ಇಲ್ಲ, ಸಡಿಲವೂ ಇಲ್ಲ. ಅಂಗೈ ಮೇಲೆ ಕೋವಿ ತಾನಾಗಿಯೇ ಕುಳಿತಂತಿತ್ತು.

ಮೊದಲ ಲೇನ್‌ಗಳು ಕಾಡಿನ ಒಳಗಿದ್ದವು. ಪುಟ್ಟ ಮೆತ್ತೆಯ ಮೇಲೆ ಕುಳಿತು, ಮಂಡಿಗಳನ್ನು ಎತ್ತಿ, ಎಡಗೈಯನ್ನು ಮಂಡಿಗೆ ಆನಿಸಿ ಅದರ ಮೇಲೆ ರೈಫಲ್ ಇಡುವುದು. ರೈಫಲ್‌ಗೆ ಆಸರೆಯಾಗಿ ಜೋಡಿಸಿ ನೆಲಕ್ಕೆ ಊರುವ ಕಾಲುಗಳಿಗೆ ಅನುಮತಿ ಇಲ್ಲ. ಇಲಿ ಬಿತ್ತು, ಮೊಲ ಬಿತ್ತು. ಲೋಹಕ್ಕೆ ಪೆಲೆಟ್ ಬಡಿದ ಸದ್ದು ನನಗೆ ತಿರುಗಿ ಕೇಳಿಸುವಷ್ಟರಲ್ಲಿ ತಗಡು ಹಿಂದಕ್ಕೆ ವಾಲಿರುತ್ತದೆ. ಹಗ್ಗ ಎಳೆದು ಮತ್ತೆ ನಿಲ್ಲಿಸಿ ಮುಂದಿನವರಿಗೆ ಬಿಡಬೇಕು. ಒಂದು ತಗಡನ್ನು ಓಕ್ ಮರದ ಕೊಂಬೆಯಲ್ಲಿ ಎತ್ತರಕ್ಕೆ ಕೂರಿಸಿದ್ದರು. ಚಕ್ರ 42 ಎಂದಿತು. ನೆಲ ಎಳೆಯುವುದು ಅಡ್ಡ ದೂರಕ್ಕೆ ತಕ್ಕಷ್ಟೇ ಆದ್ದರಿಂದ ಸ್ವಲ್ಪ ಕಡಿಮೆ ಕ್ಲಿಕ್ ಕೊಟ್ಟೆ, ಬಿತ್ತು. ಪಂದ್ಯ ಕಟ್ಟಿದವರು ಯಾರೋ ಬುದ್ಧಿವಂತರು. ದೊಡ್ಡ ತಗಡಿನಲ್ಲಿ ಚಿಕ್ಕ ತೂತು, ಚಿಕ್ಕ ತಗಡಿನಲ್ಲಿ ದೊಡ್ಡ ತೂತು ಇಟ್ಟು ಕಣ್ಣಿಗೆ ದೂರ ತಪ್ಪಾಗಿ ಕಾಣುವಂತೆ ಮಾಡಿದ್ದರು. ಒಂದು ತಗಡು ಬಿಸಿಲಿನಲ್ಲಿ, ಅದರ ಜೊತೆಯದು ಹಾಲಿ ಎಂಬ ಮುಳ್ಳೆಲೆಯ ಪೊದೆಯ ಕಪ್ಪು ನೆರಳಿನಲ್ಲಿ.

ನಿಂತು ಹೊಡೆಯಬೇಕಾದ ಲೇನ್‌ಗಳಲ್ಲಿ ಕಾಲು, ಸೊಂಟ, ಉಸಿರು ಎಲ್ಲವೂ ಸ್ಕೋಪಿನಲ್ಲಿ ಕಾಣುತ್ತವೆ. ಅಡ್ಡಗೆರೆ ತೂತಿನ ಸುತ್ತ ತಿರುಗುತ್ತಲೇ ಇರುತ್ತದೆ. ಅದು ನಿಲ್ಲಲೆಂದು ಕಾಯಬಾರದು, ತಿರುಗುವ ವೃತ್ತ ಚಿಕ್ಕದಾದಾಗ ಹೊಡೆಯಬೇಕು. ಎರಡರಲ್ಲಿ ಒಂದು ಬಿತ್ತು. ಮಂಡಿಯೂರಿದಾಗ ಎರಡೂ ಬಿದ್ದವು.

ನಂತರ ಕಾಡಿನ ದಕ್ಷಿಣದ ಅಂಚು. ಮರಗಳ ಆಚೆ ಹೊಲ, ಹೊಲದ ಆಚೆ ತಗ್ಗು ಬಯಲು, ಅಲ್ಲಿಂದ ನೇರವಾಗಿ ಬರುವ ಗಾಳಿ. ಸೆಕೆಂಡಿಗೆ ಒಂದೇ ಮೀಟರ್ ವೇಗದ ಅಡ್ಡಗಾಳಿ, ಕೆನ್ನೆಗೆ ತಾಕಿದರೂ ಗಮನಕ್ಕೆ ಬಾರದಷ್ಟು ಮೆಲ್ಲನೆಯದು, 50 ಮೀಟರ್‌ನಲ್ಲಿ ಪೆಲೆಟ್ ಅನ್ನು ಸುಮಾರು 3 ಸೆಂಟಿಮೀಟರ್ ಪಕ್ಕಕ್ಕೆ ತಳ್ಳುತ್ತದೆ. ತೂತಿನ ನಡುವಿಗೆ ಗುರಿ ಇಟ್ಟವರು ತೂತಿನ ಹೊರಗೆ ಹೊಡೆಯುತ್ತಾರೆ. ಗಾಳಿ ಬರುವ ಕಡೆಗೆ, ಬರಿಯ ಬಣ್ಣದ ತಗಡಿಗೆ ಗುರಿ ಇಟ್ಟು, ತೂತಿಗೆ ಹೋಗಲೆಂದು ಬಿಡಬೇಕು. ಇದಕ್ಕೆ ಯಾವ ಚಕ್ರವೂ ಇಲ್ಲ. ನಳಿಕೆಯ ತುದಿಗೆ ಕಟ್ಟಿದ ಉಣ್ಣೆಯ ಎಳೆ ನನ್ನ ಬಳಿಯ ಗಾಳಿಯನ್ನು ತೋರಿಸುತ್ತದೆ. ಆರಂಭದಲ್ಲೇ ದಾರಿ ತಪ್ಪಿಸುವುದರಿಂದ ಆ ಗಾಳಿಯ ಪಾಲು ದೊಡ್ಡದು. ಆದರೆ ನಡುದಾರಿಯ ಕಣಿವೆಯಲ್ಲಿ ಬ್ಲೂಬೆಲ್ ದಂಟುಗಳು ಇನ್ನೊಂದು ಕಡೆಗೆ ವಾಲುತ್ತಿದ್ದವು, ತಗಡಿನ ಬಳಿಯ ಜರಿಗಿಡ ಅಲುಗುತ್ತಲೇ ಇರಲಿಲ್ಲ.

ಮೊದಲ ಅಂಚಿನ ಲೇನ್‌ನಲ್ಲಿ ಎರಡೂ ನಿಂತೇ ಉಳಿದವು. ನನ್ನ ಸರದಿ ಮುಗಿದ ಮೇಲೆ ರೈಲ್ವೆಯ ಹಿರಿಯರು ಕುಳಿತರು. ಕೋವಿ ಎತ್ತುವ ಮೊದಲು ಬಹಳ ಹೊತ್ತು ಸ್ಕೋಪಿನಲ್ಲಿ ತಗಡನ್ನೇ ನೋಡಿದರು. ಹೊಡೆದರು, ಕಾಗೆ ಬಿತ್ತು. ಅವರೇನು ನೋಡಿದರು ಎಂದು ಹುಡುಕಿದಾಗ ಕಾಣಿಸಿತು: ಹಳದಿ ಬಣ್ಣ ಬಳಿದ ತಗಡಿನ ಮೇಲೆ, ತೂತಿನ ಬಲಕ್ಕೆ, ಸೀಸದ ಬೂದು ಮಚ್ಚೆಗಳು ಗುಂಪಾಗಿದ್ದವು. ನಮಗಿಂತ ಮುಂಚೆ ಬಂದವರೆಲ್ಲ ಎಡಗಾಳಿಯನ್ನು ಕಡಿಮೆ ಅಂದಾಜು ಮಾಡಿದ್ದರ ದಾಖಲೆ ಅದು. ಯಾರ ಬಾಯಿಂದಲೂ ಕೇಳದೆ ಓದಬಹುದಾದ್ದು. ಅಲ್ಲಿಂದ ಮುಂದೆ ನಾನು ಪ್ರತಿ ತಗಡಿನ ಮುಖವನ್ನು ಮೊದಲು ನೋಡಿದೆ. ಮಚ್ಚೆಗಳು ಎಲ್ಲಿವೆ, ಹೊಸವು ಯಾವುವು, ಒಣಗಿ ಮಂಕಾದವು ಯಾವುವು. ಒಂದು ಲೇನ್‌ನಲ್ಲಿ ಅವು ಎರಡೂ ಬದಿಗೆ ಸಮನಾಗಿದ್ದವು. ಅಲ್ಲಿ ಗಾಳಿ ಹೊಯ್ದಾಡುತ್ತದೆ ಎಂದರ್ಥ. ಉಣ್ಣೆಯ ಎಳೆ ಇಳಿಬೀಳುವವರೆಗೆ ಕಾದೆ. ಗಡಿಯಾರ ಓಡುತ್ತಿತ್ತು. ಎಳೆ ಇಳಿಯಿತು, ಹೊಡೆದೆ, ಅತಿ ದೂರದ ಮೊಲ ಮಗುಚಿತು. ಇಡೀ ದಿನದಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟ ಹೊಡೆತ ಅದು. ಹಗ್ಗದ ಆಚೆಯಿಂದ ಅಪ್ಪ ಗಂಟಲು ಸರಿಪಡಿಸಿಕೊಂಡದ್ದು ಕೇಳಿತು.

ನಡುವೆ ಒಮ್ಮೆ ಸೀಟಿ ಊದಿತು, ಎಲ್ಲೋ ಹಗ್ಗ ಬೇರಿಗೆ ಸಿಕ್ಕಿಕೊಂಡಿತ್ತು. ಎಲ್ಲರೂ ರೈಫಲ್ ಖಾಲಿ ಮಾಡಿ ಕುಳಿತೆವು. ಬಿಡಿಸಿಕೊಂಡು ಬಂದು ಮತ್ತೆ ಶುರು.

ಎಲ್ಲ ಮುಗಿದಾಗ ನನ್ನ ಕಾರ್ಡಿನಲ್ಲಿ 40ಕ್ಕೆ 31. ಹಿರಿಯರದು ಸ್ಪ್ರಿಂಗ್ ರೈಫಲ್‌ನಲ್ಲಿ 30, ಅದು ನನ್ನದಕ್ಕಿಂತ ಎಷ್ಟೋ ದೊಡ್ಡ ಅಂಕ. ಗೆದ್ದವರದು 38. ಸ್ಪರ್ಧಿಗಳನ್ನು ಎಎ, ಎ, ಬಿ, ಸಿ ಎಂದು ಅವರ ಸರಾಸರಿಯ ಮೇಲೆ ದರ್ಜೆ ಮಾಡಿರುತ್ತಾರೆ. ಬಿ ದರ್ಜೆಯಲ್ಲಿ ನನಗೆ ಮೂರನೆಯ ಸ್ಥಾನ, ಒಂದು ಡಬ್ಬಿ ಪೆಲೆಟ್ ಬಹುಮಾನ.

ಚಹಾ ಕುಡಿಯುವಾಗ ಅಪ್ಪ ಬಾಯಿ ಬಿಟ್ಟರು. "ಆ ಅಂಚಿನ ಜಾಗದಲ್ಲಿ ನೀನು ನೆಲದ ಹೂವು ನೋಡುತ್ತಿದ್ದೆ. ಗಾಳಿ ಮೊದಲು ಹೊಲದಂಚಿನ ಆ ಮರದ ತುದಿಗೆ ಬರುತ್ತಿತ್ತು. ಎಲೆ ಬೆನ್ನು ತೋರಿಸಿತೆಂದರೆ ನಾಲ್ಕು ಎಣಿಸುವಷ್ಟರಲ್ಲಿ ನಿನ್ನ ಹತ್ತಿರ ಬರುತ್ತಿತ್ತು."

ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಹೊಡೆಯುವಾಗ ಗಾಳಿ ತಿರುಗಿದರೆ ಮುಖಕ್ಕೇ ಬೀಳುತ್ತದೆ. ಜೀವನವಿಡೀ ತೋಟದಲ್ಲಿ ಆ ಕೆಲಸ ಮಾಡಿಸಿದವರು ಅವರು. ಸ್ಪರ್ಧಿಗಳೆಲ್ಲ ಹೋದ ಮೇಲೆ ಇಬ್ಬರೂ ಆ ಲೇನ್‌ಗೆ ಹಿಂತಿರುಗಿ ನಿಂತೆವು. ಹಾರ್ನ್‌ಬೀಮ್ ತುದಿಯ ಎಲೆಗಳು ಮಗುಚಿದವು; ನಾಲ್ಕು ಎಣಿಸುವಷ್ಟರಲ್ಲಿ ಕೈಯಲ್ಲಿ ಹಿಡಿದಿದ್ದ ಉಣ್ಣೆಯ ಎಳೆ ಅಡ್ಡವಾಯಿತು. ಮತ್ತೆ ಮತ್ತೆ ನೋಡಿದೆವು, ಹಾಗೆಯೇ ಆಯಿತು. ಹಿರಿಯರನ್ನು ಕರೆದು ತೋರಿಸಿದೆ. ಅವರು ಅಪ್ಪನ ಕೈ ಕುಲುಕಿ, ತಮ್ಮ ಪುಸ್ತಕದಲ್ಲಿ ಏನನ್ನೋ ಬರೆದುಕೊಂಡರು.

ಸೋಮವಾರ

ಮೇ ತಿಂಗಳ ಮೊದಲ ಸೋಮವಾರ ಇಲ್ಲಿ ಸಾರ್ವಜನಿಕ ರಜೆ. ಬೆಳಿಗ್ಗೆ ಪೆವೆನ್ಸಿಯ ಬೆಣಚುಕಲ್ಲಿನ ಕಡಲತೀರದಲ್ಲಿ ಸ್ವಲ್ಪ ನಡೆದು ಹೊರಟೆವು. ರಸ್ತೆ ತುಂಬಿತ್ತು, ಹೇಳುವಂಥದ್ದು ಏನೂ ಇಲ್ಲ. ಅಪ್ಪನ ಮಾತು ಮಾತ್ರ ನಿಲ್ಲಲಿಲ್ಲ.

ಭಾರತದ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ಮೀರದ, 20 ಜೂಲ್ ದಾಟದ ಏರ್‌ಗನ್‌ಗೆ ಲೈಸೆನ್ಸ್ ಬೇಡ ಎಂದು ಹೇಳಿದೆ. ಅಂದರೆ ಈ ಪಂದ್ಯದ ರೈಫಲ್‌ಗಳು ಆ ಮಿತಿಯೊಳಗೆ ಆರಾಮಾಗಿ ಕೂರುತ್ತವೆ. ಅಪ್ಪ ಅಷ್ಟು ಕೇಳಿದ್ದೇ ತಡ, ತೋಟದ ಹಿಂದಿನ ಇಳಿಜಾರು, ಅಲ್ಲಿನ ಮಣ್ಣಿನ ದಿಣ್ಣೆ ಗುಂಡು ತಡೆಯಲು ಸಾಕೇ, ಕೆಲಸದವರು ಓಡಾಡುವ ದಾರಿ ಎಷ್ಟು ದೂರ ಎಂದೆಲ್ಲ ಲೆಕ್ಕ ಹಾಕತೊಡಗಿದರು. ದಿಣ್ಣೆ ಎತ್ತರ ಸಾಲದು, ಎರಡು ಆಳಷ್ಟು ಮಣ್ಣು ಹಾಕಿಸಬೇಕು ಎಂದು ಅವರೇ ತೀರ್ಮಾನಿಸಿದರು.

"ಆ ತಗಡು ಬೀಳುವ ಕೀಲು ಹೇಗಿದೆ, ಚಿತ್ರ ಬರೆದುಕೊಡು. ಕುಶಾಲನಗರದಲ್ಲಿ ವೆಲ್ಡಿಂಗ್ ಮಾಡುವವನಿಗೆ ಕೊಟ್ಟರೆ ಮಾಡಿಕೊಡುತ್ತಾನೆ. ಮೊಲ ಬೇಡ, ತೆಂಗಿನಕಾಯಿ ಆಕಾರದಲ್ಲಿ ಕತ್ತರಿಸಲು ಹೇಳುತ್ತೇನೆ."

"ತೂತು ಎಷ್ಟು ಅಗಲ ಇಡಿಸುತ್ತೀರಿ ಅಪ್ಪ?"

"40 ಇರಲಿ ಮೊದಲು," ಎಂದರು. ಆಮೇಲೆ ಸ್ವಲ್ಪ ಯೋಚಿಸಿ, "ಇಲ್ಲ, 25ರದ್ದೂ ಒಂದು ಇರಲಿ" ಎಂದರು.